ವಾಡೆಯ ಹುಡುಗಿಯ ದನಿ

ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ಹೇಳಿದವಳು ನಾನು. ಅವಳ ಮನೆಯಲ್ಲೇ, ಅವಳ ತಂದೆಯ ಎದುರಿಗೇ, ಅವಳನ್ನು ನೋಡಲು ಬಂದ ಗಂಡಿನವರ ಮುಂದೆ ಜಮಖಾನೆಯ ಮೇಲೆ ಕುಳಿತು, ತುಂಬು ಸಮಾಧಾನದ ದನಿಯಲ್ಲಿ — ಒಂದೇ ಒಂದು ಸಾಲು. ಆ ಸಾಲಿನಿಂದ ಅವಳ ಮದುವೆ ತಪ್ಪಿತು. ಅದು ಹೋಗಲಿ, ಒಂದು ಸಂಬಂಧ ತಪ್ಪಿದರೆ ಇನ್ನೊಂದು ಕೂಡಿಬರುತ್ತದೆ. ಆದರೆ ಅವಳಿಗೆ ತವರೇ ಇಲ್ಲದಂತಾಯಿತು. ಹಾಗೆ ಮಾಡಿದ್ದು ನಾನು, ಮತ್ತು ಅದನ್ನು ಎಷ್ಟೋ ವರ್ಷ ಯಾರ ಮುಂದೆಯೂ ಹೇಳದೆ ಉಂಡು ಮಲಗಿದ್ದೆ.

ಬರೆಯಲು ಕುಳಿತಾಗಿನಿಂದ ಏನಾದರೊಂದು ನೆಪ ತೆಗೆದು ಎದ್ದು ಓಡಾಡುತ್ತಿದ್ದೇನೆ — ಗ್ಯಾಸ್ ಆರಿಸಿದೆನೇ, ನಲ್ಲಿ ನಿಲ್ಲಿಸಿದೆನೇ, ಬಾಗಿಲಲ್ಲಿ ಯಾರೋ ಬಂದಂತಾಯಿತೇ. ಮಕ್ಕಳ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಿಂದ 'ವಿಷಯಕ್ಕೆ ಬಾ' ಎಂದು ಬರೆದು ಬರೆದು ಕೈ ಸವೆಸಿದವಳು ನಾನು. ವಿಷಯಕ್ಕೆ ಬರುವುದು ಎಷ್ಟು ಕಷ್ಟವೆಂದು ಈಗ ತಿಳಿಯುತ್ತಿದೆ.

ಬನಹಟ್ಟಿಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಮಕ್ಕಳಿಗೂ ಮಕ್ಕಳ ತಂದೆ-ತಾಯಿಗೂ ನಾನು 'ಅಕ್ಕೋರು'. ಆದರೆ ಊರು ನನ್ನನ್ನು ಬಲ್ಲದ್ದು ಪಾಠದಿಂದಲ್ಲ, ದನಿಯಿಂದ. ರಬಕವಿ-ಬನಹಟ್ಟಿಯಲ್ಲಿ ಎಲ್ಲಿ ಸನ್ಮಾನ, ಎಲ್ಲಿ ಉದ್ಘಾಟನೆ, ಎಲ್ಲಿ ಸಾಮೂಹಿಕ ವಿವಾಹವಿದ್ದರೂ ನಿರೂಪಣೆ ನನ್ನದೇ. 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ನಾನು ಶುರುಮಾಡಿದರೆ ಹಿಂದೆ ಶೇಂಗಾ ತಿನ್ನುತ್ತ ನಿಂತವರೂ ಸುಮ್ಮನಾಗುತ್ತಿದ್ದರು. ಇದನ್ನು ಜಂಬದಿಂದ ಹೇಳುತ್ತಿದ್ದೇನೆಯೇ? ಹೌದು. ಆದದ್ದೆಲ್ಲ ಆ ಜಂಬದಿಂದಲೇ, ಆದ್ದರಿಂದ ಅದನ್ನು ಮುಚ್ಚಿಡುವುದಿಲ್ಲ.

ಆ ದನಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಹುಟ್ಟಿದ್ದು ಜಮಖಂಡಿಯಲ್ಲಿ, ಒಂದು ಹಳೆಯ ವಾಡೆಯ ಹಿಂಭಾಗದಲ್ಲಿ. ಅಜ್ಜನ ಕಾಲಕ್ಕೆ ಅದು ದೊಡ್ಡ ಮನೆತನದ, ಕಂಬಸಾಲಿನ ದೊಡ್ಡ ಮನೆ. ನನ್ನ ಕಾಲಕ್ಕೆ ಜಮೀನು ಹೋಗಿ, ಅಪ್ಪ ಕೋರ್ಟಿನಲ್ಲಿ ಗುಮಾಸ್ತನಾಗಿ, ಮುಂದಿನ ಪಡಸಾಲೆಗಳನ್ನೆಲ್ಲ ದೊಡ್ಡಪ್ಪಂದಿರು ಹಂಚಿಕೊಂಡು, ನಮ್ಮ ಪಾಲಿಗೆ ಉಳಿದದ್ದು ಒಂದು ಅಡುಗೆಮನೆ, ಎಮ್ಮೆಯ ಕೊಟ್ಟಿಗೆ ಮತ್ತು ಹೆಸರು. ಆ ಹೆಸರಿಗೆ ತಕ್ಕ ಹುಡುಗಿ ಹೇಗಿರಬೇಕೆಂದು ನನಗೆ ಕಲಿಸಿದ್ದು ಮನೆಯಲ್ಲ — ಸಿನೆಮಾ, ಮತ್ತು ಊರಿಗೆ ಬಂದು ಡೇರೆ ಹಾಕುತ್ತಿದ್ದ ನಾಟಕ ಕಂಪನಿಗಳು. ಎರಡರಲ್ಲೂ ಇದ್ದವಳು ಒಬ್ಬಳೇ: ಸಾಹುಕಾರನ ಮಗಳು. ಮೆಟ್ಟಿಲು ಇಳಿದು ಬರುತ್ತಾಳೆ. ಎದೆಗೆ ಒಂದು ಪುಸ್ತಕ ಅವುಚಿಕೊಂಡಿರುತ್ತಾಳೆ, ಅದನ್ನು ಅವಳು ಓದಿದ್ದು ಯಾರೂ ಕಂಡಿಲ್ಲ. ಹೂವಿನ ಬುಟ್ಟಿ ಹಿಡಿಯುತ್ತಾಳೆ, ಕಸಬರಿಗೆ ಹಿಡಿಯುವುದಿಲ್ಲ. ಬಿಸಿಲಿಗೆ ಬಂದರೂ ಬೆವರುವುದಿಲ್ಲ. ಸಿಟ್ಟು ಬಂದರೆ ಬೈಯುವುದಿಲ್ಲ, ಕತ್ತು ತಿರುಗಿಸುತ್ತಾಳೆ, ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ನಮ್ಮಂತೆ ಮಾತಾಡುವುದಿಲ್ಲ. ಮುಸುರೆ ತಿಕ್ಕುವವಳು, ಹಾಸ್ಯದ ಪಾತ್ರದವನು 'ಬರ್ರಿ, ಕೂಡ್ರಿ' ಎನ್ನುತ್ತಾರೆ, ಜನ ಹೊಟ್ಟೆ ಹಿಡಿದು ನಗುತ್ತಾರೆ. ಸಾಹುಕಾರನ ಮಗಳು 'ಬನ್ನಿ, ಕುಳಿತುಕೊಳ್ಳಿ' ಎನ್ನುತ್ತಾಳೆ, ಜನ ಉಸಿರು ಬಿಗಿಹಿಡಿಯುತ್ತಾರೆ. ನಮ್ಮ ಮಾತು ನಗಲಿಕ್ಕೆ, ಅವಳ ಮಾತು ಮರುಳಾಗಲಿಕ್ಕೆ — ಇದು ನನಗೆ ಪರಕರ ಉಡುವ ಎಳೆಯ ವಯಸ್ಸಿನಲ್ಲೇ ಅರ್ಥವಾಗಿಬಿಟ್ಟಿತ್ತು.

ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು ನಿಂತು 'ಬನ್ನಿ, ಕುಳಿತುಕೊಳ್ಳಿ' ಎಂದು ಅಭ್ಯಾಸ ಮಾಡುತ್ತಿದ್ದೆ. ನಮ್ಮ ಸೋದರತ್ತೆ — ವಾಡೆ ನಿಜವಾಗಿ ವಾಡೆಯಾಗಿದ್ದಾಗ ಅಲ್ಲಿ ಹುಟ್ಟಿ ಬೆಳೆದ ಮಗಳು — ಒಮ್ಮೆ ಹಿಂದಿನಿಂದ ಬಂದು ಹಿಡಿದಳು. "ಯಾರ ಕೂಡ ಮಾತಾಡಾಕತ್ತಿ ಬೇ? ಎಮ್ಮಿಗೆ ಕುರ್ಚಿ ಹಾಕೀಯೇನು?" ಅವಳ ದನಿ ಓಣಿಯ ಆ ತುದಿಗೆ ಕೇಳುತ್ತಿತ್ತು. ವಾಡೆಯ ನಿಜವಾದ ಮಗಳು ಹಾಗೇ ಮಾತಾಡುತ್ತಿದ್ದಳು, ಎಲ್ಲರಂತೆ, ಗಂಟಲೆತ್ತಿ. ನಾನು ಅವಳನ್ನು ನೋಡಿ ಕಲಿಯಲಿಲ್ಲ. ಅವಳಿಗಾಗಿ ನಾಚಿಕೊಂಡೆ.

ಇನ್ನು ದಾನವ್ವನ ವಿಷಯಕ್ಕೆ ಬರುತ್ತೇನೆ. ಅವಳ ಹಾಜರಿ ಹೆಸರು ದಾನೇಶ್ವರಿ, ನನ್ನ ವಿದ್ಯಾರ್ಥಿನಿ. ತಂದೆ ಈರಪ್ಪ ಮನೆಯಲ್ಲೇ ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುವವನು. ತಾಯಿ ಅವಳು ಚಿಕ್ಕವಳಿದ್ದಾಗಲೇ ಹೋದಳು, ಅಣ್ಣತಮ್ಮಂದಿರಿಲ್ಲ. ತಂದೆಗೆ ಮಗಳು, ಮಗಳಿಗೆ ತಂದೆ. ಓದು ಮುಗಿಸಿ ಅವಳು ಬಸಣ್ಣನ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಳು. ಬಸಣ್ಣನೂ ನನ್ನ ಹಳೆಯ ವಿದ್ಯಾರ್ಥಿಯೇ. ಫೋನಿನಲ್ಲಿ ಸೀರೆ ತೋರಿಸಿ ಮಾರುವ ಹುಚ್ಚು ಆಗಷ್ಟೇ ನಮ್ಮ ಕಡೆ ಹಬ್ಬಿತ್ತು. ಅವನು ದಾನವ್ವನಿಗೆ ಸೀರೆ ಉಡಿಸಿ ಒಂದು ವಿಡಿಯೋ ಮಾಡಿದ. ಅವಳು ತನ್ನ ಮಾತಿನಲ್ಲೇ, "ಬರ್ರಿ, ನೋಡ್ರಿ, ಸೀರಿ ಎಷ್ಟ ಛಂದೈತಿ" ಎಂದಿದ್ದಳು. ಕೆಳಗೆ ಯಾರೋ ಬರೆದರು — ಈ ಹುಡುಗಿ ಬಾಯಿ ಮುಚ್ಚಿಕೊಂಡು ನಿಂತರೆ ರಾಣಿ ಹಾಗೆ ಕಾಣುತ್ತಾಳೆ. ಅದಕ್ಕೆ ನಗುವ ಮುಖಗಳ ಸಾಲು.

ಬಸಣ್ಣ ನನ್ನ ಮನೆಗೆ ಬಂದ. "ಅಕ್ಕೋರ, ಮುಖ ಆಕೀದು, ದನಿ ನಿಮ್ಮದು. ಎರಡೂ ಕೂಡಿದ್ರ ವಾಡೇದ ಹುಡುಗಿ ಆತು ನೋಡ್ರಿ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಜಮಖಂಡಿಯ ನಮ್ಮ ವಾಡೆಯಲ್ಲೇ ಚಿತ್ರೀಕರಣ ಮಾಡಿಸಿದೆ. ಕಂಬಗಳಿಗೆ ಎಣ್ಣೆ ಹಚ್ಚಿಸಿದೆ, ತೂಗುಮಂಚ ಕಟ್ಟಿಸಿದೆ, ದಾನವ್ವನ ಕೈಗೆ ಒಂದು ಪುಸ್ತಕ ಕೊಟ್ಟೆ — ಹೌದು, ಎದೆಗೆ ಅವುಚಿಕೊಳ್ಳಲು. ಮಾತು ನಾನೇ ಬರೆದೆ, ನಾನೇ ಆಡಿದೆ: 'ನಮ್ಮ ವಾಡೆಯಲ್ಲಿ ಹಬ್ಬವೆಂದರೆ ಅಜ್ಜಿಯ ಪೆಟ್ಟಿಗೆ ತೆರೆಯುವ ದಿನ. ಬನ್ನಿ, ನಿಮಗೂ ತೋರಿಸುತ್ತೇನೆ.' ದಾನವ್ವ ತುಟಿ ಅಲುಗಿಸಬೇಕು, ಅಷ್ಟೇ. ತುಟಿ ಎಲ್ಲಿ ಕೂಡಬೇಕು, ಎಲ್ಲಿ ಬಿಡಬೇಕು ಎಂದು ನನ್ನ ಅಡುಗೆಮನೆಯಲ್ಲಿ ಅವಳಿಗೆ ಕಲಿಸಿದೆ. ಬಲು ಬೇಗ ಕಲಿತಳು. ಒಂದು ಸಲ ನಕ್ಕು, "ಅಕ್ಕೋರ, ನಾ ಬಾಯಿ ತಗದ್ರ ನೀವು ಹೊರಗ ಬರ್ತೀರಿ" ಎಂದಳು. ನನಗೂ ನಗು ಬಂತು.

ಅದೇ ಅಡುಗೆಮನೆಯಲ್ಲಿ ಅವಳಿಂದ ಆಣೆ ಹಾಕಿಸಿಕೊಂಡೆ. ದನಿ ಯಾರದ್ದೆಂದು ಯಾರಿಗೂ ಹೇಳಕೂಡದು, ಅಪ್ಪನಿಗೂ ಹೇಳಕೂಡದು. ಬಸಣ್ಣನಂತೂ ವ್ಯಾಪಾರ ಕೆಡಿಸಿಕೊಂಡು ಬಾಯಿ ಬಿಡುವವನಲ್ಲ. ಶಾಲೆಯ ಆಡಳಿತ ಮಂಡಳಿಯವರು ಒಪ್ಪುವುದಿಲ್ಲ ಎಂದು ಕಾರಣ ಕೊಟ್ಟೆ. ಅದು ಅರ್ಧ ಖರೆ. ಉಳಿದರ್ಧವೆಂದರೆ — ಆ ದನಿ ಕೇಳಿದವರ ಕಣ್ಣ ಮುಂದೆ ನಾನು ಬರಬಾರದಿತ್ತು. ದಪ್ಪ ಕನ್ನಡಕದ, ಮೊಣಕಾಲು ನೋವಿನ, ಐವತ್ತರ ಹತ್ತಿರದ ಈ ಹೆಂಗಸು ಬಂದು ನಿಂತರೆ ವಾಡೆಯ ಹುಡುಗಿ ಸತ್ತುಹೋಗುತ್ತಾಳೆ. ದಾನವ್ವ ನನ್ನ ಅಂಗೈ ಮೇಲೆ ಕೈ ಇಟ್ಟಳು. "ನಿಮ್ಮ ಆಣೀರಿ ಅಕ್ಕೋರ. ಯಾರ ಮುಂದೂ ನಿಮ್ಮ ಹೆಸರು ತಗಿಯೂದಿಲ್ಲ."

ವಿಡಿಯೋ ಓಡಿತು. ಓಡಿತು ಎಂದರೆ ಸಾಲದು — ಬಸ್ಸಿನಲ್ಲಿ ಪಕ್ಕದವರ ಫೋನಿನಿಂದ ನನ್ನ ದನಿ ನನಗೇ ಕೇಳಿಸುತ್ತಿತ್ತು. ಮುಧೋಳದಿಂದ, ಬೀಳಗಿಯಿಂದ ಜನ ಸೀರೆ ಕೇಳಿಕೊಂಡು ಬಂದರು. ನನ್ನ ದನಿ ಬಲ್ಲ ಊರಿನವರು 'ಅಕ್ಕೋರು ಕಲಿಸಿದ ಹುಡುಗಿ, ಅದಕ್ಕ ಅವರ ಹಂಗ ಮಾತಾಡ್ತಾಳ' ಎಂದುಕೊಂಡರು. ಕೆಳಗೆ ಬರೆಯುತ್ತಿದ್ದರು: ಎಂಥ ಸಂಸ್ಕಾರ, ಮಾತಿನಲ್ಲೇ ಮನೆತನ ಗೊತ್ತಾಗುತ್ತದೆ, ಇಂಥ ಹುಡುಗಿ ಸೊಸೆಯಾಗಿ ಬರಬೇಕು. ನಾನು ಅಡುಗೆ ಬಿಟ್ಟು ಅವನ್ನೆಲ್ಲ ಓದುತ್ತ ಕೂರುತ್ತಿದ್ದೆ. ಮನೆಯವರು "ಅನ್ನ ಸೀದ ವಾಸನಿ ಬರಾಕತ್ತೈತಿ" ಎಂದಾಗಲೇ ಎಚ್ಚರ. ಆ ಹುಡುಗಿಗೆ ಮರುಳಾದವರೆಲ್ಲ ನನಗೆ ಮರುಳಾದರು ಎಂದುಕೊಂಡೆ. ಮುಖದ ಬಗ್ಗೆ ಬರೆದದ್ದನ್ನು ದಾಟಿ ದನಿಯ ಬಗ್ಗೆ ಬರೆದದ್ದನ್ನು ಮತ್ತೆ ಮತ್ತೆ ಓದುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಬಿಟ್ಟರೆ ಉಳಿದದ್ದು ನಿಮಗೆ ತಿಳಿಯುವುದಿಲ್ಲ.

ಈರಪ್ಪ ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದ. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಕಳೆದು ಅವನ ಕಿವಿ ಮಂದವಾಗಿತ್ತು. ಮಾತು ತಿಳಿಯುತ್ತಿತ್ತು, ಯಾರ ದನಿ ಎಂಬ ಭೇದ ತಿಳಿಯುತ್ತಿರಲಿಲ್ಲ. ನೆರೆಯವರ ಫೋನನ್ನು ಕಿವಿಗೇ ಒತ್ತಿಕೊಂಡು ಮಗಳ ವಿಡಿಯೋ ಕೇಳಿದ್ದನಂತೆ. "ನೀವು ಕಲಿಸಿದ್ರೆಂತ ಆಕಿ ಹಂಗ ಮಾತಾಡ್ತಾಳ ಅಕ್ಕೋರ. ತಾಯಿ ಇದ್ದಿದ್ರ ಎಷ್ಟ ಹಿಗ್ಗತಿದ್ಲು" ಎಂದು ಕಣ್ಣು ಒರೆಸಿಕೊಂಡ. ಮನೆಯಲ್ಲಿ ದಾನವ್ವ ಏನು ಹೇಳಿಯಾಳು? ಅಷ್ಟು ಹಿಗ್ಗಿದ ತಂದೆಗೆ 'ಅದು ನಂದಲ್ಲ' ಎನ್ನಲು ಅವಳಿಗೆ ಆಗಲಿಲ್ಲ, ಮೇಲೆ ನನ್ನ ಆಣೆ. ನಾನು ಪೇಡೆ ತಿಂದೆ.

ಅಂಗಡಿಗೆ ಬಂದವರು ದಾನವ್ವನನ್ನು ಸುತ್ತುಗಟ್ಟಿ, "ವಿಡಿಯೋದಾಗಿನ್ಹಂಗ ಒಂದೀಟ ಮಾತಾಡವ್ವಾ" ಎಂದು ಕೇಳುತ್ತಿದ್ದರು. ಅವಳು ಗಂಟಲು ಮುಟ್ಟಿ ತೋರಿಸಿ, ಕಟ್ಟಿದೆ ಎಂದು ಸನ್ನೆ ಮಾಡುತ್ತಿದ್ದಳು. ತರಗತಿಯಲ್ಲಿ ಪಕ್ಕದವಳ ಜೊತೆ ಹರಟೆ ಹೊಡೆದು ನನ್ನಿಂದ ಎಷ್ಟೋ ಸಲ ಬೈಸಿಕೊಂಡ ಹುಡುಗಿ, ಆ ಅಂಗಡಿಯಲ್ಲಿ ಮೂಗಿಯ ಹಾಗೆ ಸೀರೆ ಮಡಚುತ್ತಿದ್ದಳು. ನೋಡಿದೆ. ನೋಡಿ ಸುಮ್ಮನಿದ್ದೆ.

ಆಮೇಲೆ ತುಬಚಿ ಕಡೆಯ ಸಂಬಂಧ ಬಂತು. ಹೊಲಕ್ಕೆ ನೀರು ಬಂದ ಮೇಲೆ ಕಬ್ಬು ಹಚ್ಚಿ ಮೇಲೆ ಬಂದ ಮನೆ. ಟ್ರ್ಯಾಕ್ಟರ್, ಹೊಸ ಮನೆ, ಒಬ್ಬನೇ ಮಗ. ಹುಡುಗಿ ನೇಕಾರನ ಮಗಳೆಂದು ಅವರಿಗೆ ಗೊತ್ತಿತ್ತು. "ಬಡವರಾದ್ರ ಏನಾತು? ಆ ಮಾತು ಕೇಳಿದ್ರ ತಿಳಿತೈತಿ" ಎಂದು ಹುಡುಗನ ತಾಯಿ ಬಸಣ್ಣನ ಹತ್ತಿರ ಹೇಳಿ ಕಳಿಸಿದ್ದಳಂತೆ. ಈರಪ್ಪ ನನ್ನ ಮನೆಗೆ ಓಡಿ ಬಂದ. "ತಾಯಿ ಇಲ್ಲದ ಹುಡುಗಿರಿ. ಕನ್ಯಾ ನೋಡಾಕ ಬಂದಾಗ ಹೆಣ್ಣಿನ ಕಡಿಂದ ಒಬ್ಬರು ಹಿರೇರು ಬೇಕು. ನೀವ ಬಂದು ಕೂಡ್ರಿ."

ಹೋಗಿ ಕುಳಿತೆ. ತಾಯಿಯ ಜಾಗದಲ್ಲಿ ಕುಳಿತೆ.

ಮಗ್ಗ ನಿಲ್ಲಿಸಿದ್ದರು. ದಾನವ್ವ ಚಹಾದ ತಾಟು ಹಿಡಿದು ಬಂದು, ಎಲ್ಲರಿಗೂ ನಮಸ್ಕಾರ ಮಾಡಿ ಕುಳಿತಳು. ಹುಡುಗನ ತಾಯಿ ಅಕ್ಕರೆಯಿಂದಲೇ ಕೇಳಿದಳು, ಏನು ಓದಿದ್ದಿ, ಏನೇನು ಅಡುಗೆ ಬರುತ್ತದೆ. ದಾನವ್ವ ನನ್ನ ಕಡೆ ಒಮ್ಮೆ ನೋಡಿ, ತನ್ನ ಮಾತಿನಲ್ಲೇ ಉತ್ತರ ಕೊಟ್ಟಳು. "ಪಿಯುಸಿ ಆಗೈತ್ರಿ. ರೊಟ್ಟಿ-ಪಲ್ಯಾ ಎಲ್ಲಾ ಮಾಡ್ತೇನ್ರಿ. ಹೋಳಿಗಿ ಒಂದು ಛಲೋ ಬರೂದಿಲ್ಲರಿ." ಎಂಥ ಚೆಂದದ ಉತ್ತರ! ಹೋಳಿಗೆ ಬರುವುದಿಲ್ಲವೆಂದು ಕನ್ಯಾ ನೋಡಲು ಬಂದವರಿಗೆ ಹೇಳುವ ಹುಡುಗಿ ಎಲ್ಲಿ ಸಿಗುತ್ತಾಳೆ? ಆದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಮನೆಯಲ್ಲಿ ಆಡುವುದು ಅದೇ ಮಾತು. ಹುಡುಗನ ತಾಯಿ ಅಂತೂ ನಮ್ಮ ಸೋದರತ್ತೆಯಂತೆ ಗಂಟಲೆತ್ತಿಯೇ ಮಾತಾಡುತ್ತಿದ್ದಳು. ಆದರೂ ಅವರು ತಮ್ಮ ಹಾಗೆ ಮಾತಾಡುವ ಸೊಸೆಯನ್ನು ಹುಡುಕಿಕೊಂಡು ಬಂದಿರಲಿಲ್ಲ.

"ಒಳಗ ಹೋಗವ್ವಾ" ಎಂದು ದಾನವ್ವನನ್ನು ಕಳಿಸಿದರು. ಆಮೇಲೆ ಹುಡುಗನ ತಾಯಿ ನನ್ನ ಕಡೆ ತಿರುಗಿದಳು.

"ಅಕ್ಕೋರ, ನೀವ ಹೇಳ್ರಿ. ವಿಡಿಯೋದಾಗ ಮಾತಾಡಾಕಿ ಈಕೀನ ಏನು?"

ಬಾಯಿ ತೆರೆದೆ. ನಿಜ ಹೇಳುವವಳಿದ್ದೆ — ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಹುಡುಗ ತಲೆ ತಗ್ಗಿಸಿ ಮೆಲ್ಲಗೆ, "ಆ ದನಿ ಕೇಳೇನ ನಾ ಈ ಹುಡುಗಿ ನೋಡೂನು ಅಂದಿದ್ದೆ" ಎಂದ. ನನ್ನ ಎದೆ ಹಿಗ್ಗಿತು. ದೇವರಾಣೆ, ಹಿಗ್ಗಿತು. ಅವನ ಚಿಕ್ಕಮ್ಮ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವಳು ಕಿಸಕ್ಕನೆ ನಕ್ಕಳು. "ಯಾವಾಕಿ ಮುದುಕಿ ಹಿಂದ ಕುಂತು ಮಾತಾಡ್ಯಾಳೋ ಏನೋ! ಮುದುಕಿ ದನೀಗೆ ಮನಸ ಕೊಟ್ಟಿಯೋ ತಮ್ಮಾ?" ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ಆ ನಗುವಿನಲ್ಲಿ ನಾನು ಹೇಗೆ ಎದ್ದುನಿಂತು 'ಆ ಮುದುಕಿ ನಾನೇ' ಎನ್ನಲಿ? ಎನ್ನಬೇಕಿತ್ತು. ನಗೆಪಾಟಲಾಗುವುದು ಅಷ್ಟೇನು ದೊಡ್ಡದು? ಹೆಚ್ಚೆಂದರೆ ಆ ದಿನ ನಗುತ್ತಿದ್ದರು, ಮರುದಿನ ಊರೆಲ್ಲ ನಗುತ್ತಿತ್ತು, ಮತ್ತೊಂದು ವಾರಕ್ಕೆ ಮರೆಯುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, ವೇದಿಕೆಯ ಮೇಲಿನ ಅದೇ ದನಿಯಲ್ಲಿ ಹೇಳಿದೆ:

"ಅವಳೇ ಮಾತಾಡುವವಳು. ನಾನೇ ಕಲಿಸಿದ್ದೇನೆ. ಇವತ್ತು ಯಾಕೋ ಬೇಕೆಂದೇ ಹೀಗೆ ಮಾತಾಡುತ್ತಿದ್ದಾಳೆ."

ಬೇಕೆಂದೇ. ಈ ಒಂದು ಪದವನ್ನು ನಾನು ಯೋಚಿಸಿ ಆಡಿದ್ದಲ್ಲ, ಸಾಲು ಮುಗಿಸಲು ಬಂತು. ಆದರೆ ನಮ್ಮ ಕಡೆ ಕನ್ಯಾ ನೋಡಲು ಬಂದವರ ಮುಂದೆ ಹುಡುಗಿ ಬೇಕೆಂದೇ ಕೆಡಿಸಿದಳು ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾನೆ. ಇದು ನನಗೆ ಗೊತ್ತಿರಲಿಲ್ಲವೇ? ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ. ಹುಡುಗನ ತಾಯಿಯ ಮುಖ ಸಣ್ಣದಾಯಿತು. "ಹಂಗಾದ್ರ ಹುಡುಗಿ ಮನಸಿನಾಗ ಏನೈತೋ ಮೊದಲು ಕೇಳ್ರಿ ಈರಪ್ಪ" ಎಂದು ಎದ್ದಳು. ಚಹಾ ಅರ್ಧಕ್ಕೇ ಉಳಿಯಿತು. ನಾನು ಈರಪ್ಪನ ಕಡೆ ನೋಡದೆ ಚಪ್ಪಲಿ ಹುಡುಕಿದೆ.

ಆಮೇಲೆ ನಡೆದದ್ದು ಓಣಿಯವರಿಂದ ತಿಳಿಯಿತು. ಈರಪ್ಪ ಮಗಳನ್ನು ಕೇಳಿದ, ಯಾಂವ ಅಂವ? ಯಾರೂ ಇಲ್ಲ ಎಂದಳು. ಆ ದನಿ ನಂದಲ್ಲಪ್ಪಾ, ಬೇರೆಯವರದು ಎಂದಳು. ಮತ್ತ ಯಾರದು? ಅದಕ್ಕೆ ಅವಳು ಬಾಯಿ ಬಿಡಲಿಲ್ಲ. ಎಷ್ಟು ಬೈದರೂ ಬಿಡಲಿಲ್ಲ. ಹೆಸರು ಹೇಳದ ಮೇಲೆ ಸುಳ್ಳೇ ಎಂದು ಅವನು ತೀರ್ಮಾನಿಸಿದ. ಒಂದು ಹೆಸರು — ನನ್ನದು — ಅವಳ ನಾಲಿಗೆಯ ತುದಿಯಲ್ಲಿತ್ತು. ಅಂಗಡಿ ಬಿಡಿಸಿದರು. ಅದೇ ಸೀಸನ್ನಿನಲ್ಲಿ ಸಾವಳಗಿಯ ಒಬ್ಬ ಟ್ರ್ಯಾಕ್ಟರ್ ರಿಪೇರಿಯವನಿಗೆ ಕೊಟ್ಟು ಮದುವೆ ಮಾಡಿದರು. ಹುಡುಗ ಒಳ್ಳೆಯವನಂತೆ. ಈ 'ಒಳ್ಳೆಯವನಂತೆ' ಎಂಬುದನ್ನು ನಾನು ಎಷ್ಟು ವರ್ಷ ತಲೆದಿಂಬು ಮಾಡಿಕೊಂಡು ಮಲಗಿದೆ!

ಆದರೆ ಈರಪ್ಪ ಮಗಳ ಕೂಡ ಮಾತು ಬಿಟ್ಟ. ನಾಗರ ಪಂಚಮಿ ಬಂದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಹೋಗುತ್ತಾರೆ, ಎಷ್ಟೇ ಬಡವರಿದ್ದರೂ ಹೋಗುತ್ತಾರೆ. ಈರಪ್ಪ ಹೋಗಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ದಾನವ್ವ ಗಂಡನ ಮನೆಯಲ್ಲೇ ಹೆತ್ತಳು. ಜೋಕಾಲಿ ಕಟ್ಟಿದ ಓಣಿಯಲ್ಲಿ ಬಂದ ಗೆಳತಿಯರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ, ದಾನಿ ಬಂದಿಲ್ಲೇನು? ಈರಪ್ಪ ಆ ದಿನ ಹಬ್ಬವಿದ್ದರೂ ಮಗ್ಗ ಹಚ್ಚಿ ಕೂರುತ್ತಿದ್ದ. ನಾನು ಬೇರೆ ಓಣಿಯಿಂದ ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ.

ಮತ್ತು — ಇದನ್ನೂ ಬರೆದುಬಿಡುತ್ತೇನೆ — ಮುಂದಿನ ದೀಪಾವಳಿಗೆ ಬಸಣ್ಣ ಇನ್ನೊಬ್ಬ ಹುಡುಗಿಯನ್ನು ತಂದ. ಅವಳ ತುಟಿಗೂ ನಾನು ದನಿ ಕೊಟ್ಟೆ. 'ಬನ್ನಿ, ನಿಮಗೂ ತೋರಿಸುತ್ತೇನೆ.' ಜನರಿಗೆ ಮುಖ ಬದಲಾದದ್ದು ಅಷ್ಟಾಗಿ ಗೊತ್ತೂ ಆಗಲಿಲ್ಲ. ಆಗ ನನಗೆ ಅದು ಹೆಮ್ಮೆ ಎನಿಸಿತ್ತು.

ಈ ವರ್ಷ ಸಾವಳಗಿಯ ಒಂದು ಶಾಲಾ ಸಮಾರಂಭಕ್ಕೆ ನಿರೂಪಣೆಗೆ ಕರೆದರು. ದಾನವ್ವ ಅಲ್ಲಿರುತ್ತಾಳೆಂದು ಗೊತ್ತಿತ್ತು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಹೋಗಬಾರದೆಂದು ಅನಿಸಿದಷ್ಟೂ ಕಾಲು ಆ ಕಡೆಗೇ ಎಳೆಯಿತು. ಕಾರ್ಯಕ್ರಮ ಮುಗಿದು ಕೆಳಗಿಳಿದೆ. ಒಂದು ಪುಟ್ಟ ಹುಡುಗಿ ನನ್ನ ಮುಂದೆ ಬಂದು ನಿಂತು ಬಾಯಿ ತೆರೆದುಕೊಂಡು ನೋಡುತ್ತಿತ್ತು. ಆಮೇಲೆ ಹಿಂದಕ್ಕೆ ತಿರುಗಿ ಕೂಗಿತು:

"ಅವ್ವಾ, ಫೋನದಾಗ ನೀ ಮಾತಾಡ್ತೀಯಲ್ಲಾ, ಆ ದನಿ ಈ ಅಜ್ಜಿ ಕಡೆ ಐತಿ!"

ಹಿಂದೆ ದಾನವ್ವ. ಹಳೆಯ ವಿಡಿಯೋಗಳನ್ನು ಅವಳು ಇಟ್ಟುಕೊಂಡಿದ್ದಳು, ಮಗಳಿಗೆ ತೋರಿಸುತ್ತಿದ್ದಳು. ಅವಳು ಮಗಳ ತಲೆ ನೇವರಿಸಿ ತಗ್ಗಿದ ದನಿಯಲ್ಲಿ, "ಹೌದವ್ವಾ. ಇವರದ ಅದು" ಎಂದಳು. ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. "ಈಕಿ ಮುಂದ ಇವತ್ತ ಅಂದೇನ್ರಿ, ಸಣ್ಣಾಕಿ. ಮತ್ಯಾರ ಮುಂದೂ ನಿಮ್ಮ ಹೆಸರು ತಗದಿಲ್ಲರಿ ಅಕ್ಕೋರ."

ಆಗಲಾದರೂ ಹೇಳಬಹುದಿತ್ತು. ಅಲ್ಲೇ, ಕುರ್ಚಿ ಮಡಚುತ್ತಿದ್ದವರ ನಡುವೆ. "ಆರೋಗ್ಯವೇ?" ಎಂದು ಕೇಳಿ ಕಾರು ಹತ್ತಿದೆ. ಎರಡನೆಯ ಸಲ.

ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಅಂದು ನಾನು ಆಡಿದ ಸಾಲು ಅವಳಿಗೆ ಗೊತ್ತಿದೆಯೇ? ಅಂದು ಒಳಗಿನ ಕೋಣೆಯಲ್ಲಿದ್ದಳು, ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೆ ಹಾಗೆ ನೋಡುತ್ತಿದ್ದಳೇ? ನೋಡುತ್ತಿರಲಿಲ್ಲ. ಅಥವಾ ಹಾಗೆಯೇ ನೋಡುತ್ತಿದ್ದಳೋ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮಾತಾಡಿಸಿದವರ ಮೇಲೆ ಹರಿಹಾಯ್ದೆ. ಪಂಚಮಿ ಹತ್ತಿರ ಬಂದಿತ್ತು. ಒಂದು ಮುಂಜಾನೆ ಎದ್ದವಳೇ ಈರಪ್ಪನ ಮನೆಗೆ ನಡೆದೆ.

ಮಗ್ಗ ನಡೆದಿತ್ತು. ಈರಪ್ಪ ಬಾಗಿ ಕಡಿದ ಎಳೆ ಹುಡುಕುತ್ತಿದ್ದ. ಪಕ್ಕದಲ್ಲಿ ನಿಂತು ಹೇಳಿದೆ — ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಒಳ್ಳೊಳ್ಳೆಯ ವಾಕ್ಯಗಳಲ್ಲಿ. ಅವನು ಕಿವಿಗೆ ಕೈ ಹಚ್ಚಿದ. "ಏನಂದ್ರಿ?" ಮತ್ತೆ ಹೇಳಿದೆ. "ಕೇಳವಲ್ದ್ರಿ ಅಕ್ಕೋರ, ಜೋರು ಹೇಳ್ರಿ." ಆಗ ನನ್ನ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಗಂಟಲು ಹರಿಯುವ ಹಾಗೆ ಕೂಗಿದೆ — "ಆ ದನಿ ನಂದು, ಈರಪ್ಪ! ವಿಡಿಯೋದಾಗ ಮಾತಾಡಿದಾಕಿ ನಾನು! ಅವತ್ತ ಸುಳ್ಳ ಹೇಳಿದಾಕಿ ನಾನು! ನಿನ್ನ ಮಗಳು ಖರೆ ಹೇಳಿದ್ಲು!" ನೆರೆಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಬಂದರೆ ಬರಲಿ ಎನಿಸಿತು.

ಈರಪ್ಪ ಮಗ್ಗ ನಿಲ್ಲಿಸಿದ. ಬಹಳ ಹೊತ್ತು ಕೈ ಒರೆಸಿಕೊಂಡ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಈ ಮಾತು ಆಕಿ ಮುಂದ ಹೇಳೀರೇನು?" ಎಂದು ಕೇಳಿದ.

"ಇಲ್ಲ."

"ಮತ್ತ ನನ್ನ ಮುಂದ ಯಾಕ ಹೇಳಾಕತ್ತೀರಿ?"

ಅವನು ಗೂಟದ ಮೇಲಿನ ಅಂಗಿ ತೊಟ್ಟು, ಟೊಪ್ಪಿಗೆ ಹಾಕಿಕೊಂಡು, "ನಡೀರಿ" ಎಂದ. ಜಮಖಂಡಿಯವರೆಗೆ ಒಂದು ಬಸ್ಸು, ಅಲ್ಲಿಂದ ಸಾವಳಗಿಗೆ ಇನ್ನೊಂದು. ಇಡೀ ದಾರಿ ಅವನು ನನ್ನ ಪಕ್ಕದಲ್ಲೇ ಕುಳಿತು ಕಿಡಕಿಯ ಹೊರಗೆ ನೋಡಿದ. ನಾನು ಟಿಕೆಟ್ಟು ತೆಗೆಯಲು ಹೋದರೆ ಬೇಡವೆಂದು ಕೈ ಅಡ್ಡ ಹಿಡಿದ.

ದಾನವ್ವ ಬಾಗಿಲ ಮುಂದೆ ಜೋಳ ಹಸನು ಮಾಡುತ್ತಿದ್ದಳು. ತಂದೆಯನ್ನು ನೋಡಿ ಮೊರ ಕೆಳಗಿಟ್ಟು ಎದ್ದುನಿಂತಳು. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ. ಈರಪ್ಪ ಚಪ್ಪಲಿ ಕಳಚಿದ. "ಪಂಚಮಿಗೆ ಕರಿಯಾಕ ಬಂದೇನಿ ಮಗಳ" ಎಂದ. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. ಎಲ್ಲವನ್ನೂ, ಆ ಸಾಲನ್ನೂ, ಬೇಕೆಂದೇ ಎಂಬ ಪದವನ್ನೂ, ಮುದುಕಿ ಎಂದದ್ದಕ್ಕೆ ಹೇಳಿದೆನೆಂಬುದನ್ನೂ. ಅವಳು ಪೂರ್ತಿ ಕೇಳಿದಳು.

"ಗೊತ್ತೈತ್ರಿ ಅಕ್ಕೋರ" ಎಂದಳು. "ಅವತ್ತ ಅಪ್ಪ ಬೈಯುವಾಗ ಹೇಳಿದ್ದ, ಅಕ್ಕೋರ ಬಾಯಿಲೆ ಹೇಳ್ಯಾರ, ಅವರು ಸುಳ್ಳ ಹೇಳ್ತಾರೇನು ಅಂತ."

ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ತೆಗೆದಿರಲಿಲ್ಲ. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ನನ್ನನ್ನು ಬಿಟ್ಟು ತಂದೆಯ ಕಡೆ ತಿರುಗಿದಳು.

"ಆ ದನಿ ನಂದಲ್ಲ ಅಂತ ನಾ ಅವತ್ತ ಹೇಳಿದ್ನೆಲ್ಲಪ್ಪಾ. ಇವರು ಬಂದು ಹೇಳಿದ್ರು, ಇವತ್ತ ಬಂದಿ. ನಾ ಹೇಳಿದಾಗ ಯಾಕ ನಂಬಲಿಲ್ಲ?"

ಈರಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು 'ಬನ್ನಿ, ಕುಳಿತುಕೊಳ್ಳಿ' ಎನ್ನುತ್ತಿದ್ದಾಗಿನಿಂದ ಗೊತ್ತಿತ್ತು. ಹೇಳಲು ಹೋಗಲಿಲ್ಲ, ಅವಳು ಕೇಳಿದ್ದು ನನ್ನನ್ನಲ್ಲ.